ಬಂಗಾರದ ಬಣ್ಣದ ಸ್ಟಿಕ್ಕರ್

ಟೊಲೀಡೊ, ಒಹಾಯೊ
ಜನವರಿ 8, 2013

ಅಪ್ಪ,

ಇದು ಕ್ಷೇಮಸಮಾಚಾರದ ಪತ್ರ ಅಲ್ಲ. ಎರಡು ವರ್ಷದಲ್ಲಿ ನಿನ್ನ ಹನ್ನೊಂದು ಪತ್ರಗಳು ಬಂದಿವೆ. ಎಲ್ಲವನ್ನೂ ಓದಿದ್ದೇನೆ, ಒಂದಕ್ಕೂ ಉತ್ತರ ಬರೆದಿಲ್ಲ. ಜೈಲಿನಿಂದ ಬರುವ ಫೋನನ್ನೂ ಎತ್ತುವುದಿಲ್ಲ, ಇನ್ನು ಮುಂದೆಯೂ ಎತ್ತುವುದಿಲ್ಲ. "ಈ ಕರೆಯನ್ನು ಒಪ್ಪುವುದಾದರೆ ಒಂದನ್ನು ಒತ್ತಿ" ಎನ್ನುವ ಆ ರೆಕಾರ್ಡ್ ಮಾಡಿದ ದನಿಯನ್ನು ಒಂದು ಸಲ ಕೇಳಿದ್ದೇ ಸಾಕು. ಆದರೆ ಈಗ ಒಂದು ವಿಷಯ ಕೇಳುವುದಿದೆ, ಕೇಳಲು ನಿನ್ನ ಹೊರತು ಯಾರೂ ಇಲ್ಲ.

ನನಗೆ ಕೆಲಸ ಸಿಕ್ಕಿದೆ. ಒಬ್ಬ ಹಲ್ಲಿನ ಡಾಕ್ಟರ ಇನ್ಶೂರೆನ್ಸ್ ಅರ್ಜಿಗಳನ್ನು ಮನೆಯಲ್ಲೇ ಕೂತು ತುಂಬಿ ಕಳಿಸಬೇಕು. ಮನೆಯಲ್ಲೇ ಯಾಕೆ ಅಂದರೆ, ಅಜ್ಜಿ ಬುಶಾಳನ್ನು ಒಬ್ಬಳೇ ಬಿಡುವಂತಿಲ್ಲ. ನಿನ್ನ ತಾಯಿಗೆ ನವೆಂಬರಿನಿಂದ ಆಕ್ಸಿಜನ್ ಹಾಕಿದ್ದಾರೆ. ಮೂಗಿಗೆ ಕೊಳವೆ, ಹಾಸಿಗೆಯ ಪಕ್ಕದಲ್ಲಿ ಗೊರಗೊರ ಅನ್ನುವ ಮಷೀನು. ಚಳಿಗೆ ನಾವಿಬ್ಬರೂ ಮುಂದಿನ ಕೋಣೆಯಲ್ಲೇ ಇರುತ್ತೇವೆ, ಹಾಗಾಗಿ ನನ್ನ ಮೇಜೂ ಅಲ್ಲೇ. ಅವಳ ಮಷೀನಿಗೂ ನನ್ನ ಮೇಜಿಗೂ ನಾಲ್ಕು ಅಡಿ ದೂರ. "ಆಕ್ಸಿಜನ್ ಇದೆ, ಬೆಂಕಿ ತರಬೇಡಿ" ಅಂತ ನರ್ಸ್ ಬಾಗಿಲಿಗೆ ಕೆಂಪು ಬೋರ್ಡು ಅಂಟಿಸಿ ಹೋಗಿದ್ದಾರೆ.

ಅಲ್ಲಿ ದಿನವಿಡೀ ಓಡುವ ಒಂದು ಕಂಪ್ಯೂಟರ್ ಇಡಬೇಕು. ರೆಡಿಮೇಡ್ ಪೆಟ್ಟಿಗೆಯ ಒಳಗೆ ಏನು ತುಂಬಿದ್ದಾರೆ ಅಂತ ದೇವರಿಗೂ ಗೊತ್ತಿಲ್ಲ ಅಂತ ನೀನೇ ಹೇಳುತ್ತಿದ್ದೆ. ಅದಕ್ಕೆ ಬಿಡಿಭಾಗ ತಂದು ನಾನೇ ಜೋಡಿಸಬೇಕು ಅಂತಿದ್ದೇನೆ. ನೀನು ಜೋಡಿಸಿ ಮಾರಿದ ಕಂಪ್ಯೂಟರಿನಿಂದ ಟೈಲರ್ ಹದ್ದಾದ್ ಅವರ ಮನೆಗೆ ಬೆಂಕಿ ಬಿದ್ದು, ಅವರು ಹೊಗೆಯಲ್ಲಿ ಉಸಿರುಕಟ್ಟಿ ಸತ್ತ ಮೇಲೆ, ಈ ಊರಿನ ಯಾವ ಕಂಪ್ಯೂಟರ್ ಅಂಗಡಿಗೆ ಹೋದರೂ ನನ್ನ ಹೆಸರು ಕೇಳಿ ಮುಖ ತಿರುಗಿಸುತ್ತಾರೆ. ಯಾವ ಭಾಗವನ್ನು ಹೇಗೆ ಆರಿಸಬೇಕು, ಅಷ್ಟು ಬರಿ. ಬೇರೆ ಏನೂ ಬರೆಯಬೇಕಾಗಿಲ್ಲ.

ವೆರಾ

*

ಜನವರಿ 17, 2013

ಪ್ರೀತಿಯ ವೆರಾ,

ನಿನ್ನ ಪತ್ರವನ್ನು ಇಲ್ಲಿಯ ಲಾಂಡ್ರಿಯಲ್ಲಿ ನಿಂತುಕೊಂಡೇ ಓದಿದೆ. ಬಟ್ಟೆ ಮಡಚುವ ಅಲ್ವಿನ್ ನನ್ನ ಮುಖ ನೋಡಿ, "ಏನಪ್ಪಾ, ಲಾಟರಿ ಹೊಡೀತಾ?" ಅಂದ. ಹೌದು ಅಂದೆ. ಬೇರೆ ಏನೂ ಬರೆಯಬೇಡ ಅಂದಿದ್ದೀಯ, ಬರೆಯುವುದಿಲ್ಲ. ಅಮ್ಮನ ಆಕ್ಸಿಜನ್ ವಿಷಯ ಮತ್ತೆ ಮತ್ತೆ ಓದಿದೆ, ಅಷ್ಟು ಮಾತ್ರ ಹೇಳಿಬಿಡುತ್ತೇನೆ.

ಮೊದಲು ಕ್ಯಾಬಿನೆಟ್. ಚಂದ ನೋಡಬೇಡ, ದೀಪ ನೋಡಬೇಡ. ಒಳಗಿನ ತಗಡಿನ ಅಂಚಿನ ಮೇಲೆ ಬೆರಳು ಎಳೆ. ಬೆರಳು ಕುಯ್ದರೆ ಅಲ್ಲೇ ಬಿಟ್ಟು ಬಾ. ಅಂಚನ್ನು ಮಡಚುವಷ್ಟು ತಾಳ್ಮೆ ಇಲ್ಲದವನು ಬೇರೆ ಯಾವುದರಲ್ಲೂ ತಾಳ್ಮೆ ತೋರಿಸಿರುವುದಿಲ್ಲ. ಫ್ಯಾನಿಗೆ ಬಾಯಿಂದ ಊದು. ಸದ್ದಿಲ್ಲದೆ ತಿರುಗಿ, ನಿಧಾನವಾಗಿ ನಿಲ್ಲಬೇಕು. ತಟ್ಟನೆ ನಿಂತರೆ ಬೇರಿಂಗ್ ಸರಿ ಇಲ್ಲ.

ಮದರ್‌ಬೋರ್ಡ್ ಮೇಲೆ ಪುಟ್ಟ ಡಬ್ಬಿಗಳ ಹಾಗೆ ಸಾಲಾಗಿ ನಿಂತಿರುತ್ತವಲ್ಲ, ಅವು ಕೆಪಾಸಿಟರ್. ನೀನು ಚಿಕ್ಕವಳಿದ್ದಾಗ ಅವನ್ನು ಸಿಪಾಯಿಗಳು ಅನ್ನುತ್ತಿದ್ದೆ. ಸಿಪಾಯಿಗಳ ತಲೆ ಚಪ್ಪಟೆಯಾಗಿರಬೇಕು, ಎಲ್ಲರೂ ನೆಟ್ಟಗೆ ನಿಂತಿರಬೇಕು. ಮೆಮೊರಿ ತಂದರೆ ಒಂದು ಇಡೀ ಹಗಲು ಪರೀಕ್ಷೆ ಓಡಿಸು, ಒಂದೇ ಒಂದು ತಪ್ಪು ಬಂದರೂ ವಾಪಸ್ ಕೊಡು. ಅಂಗಡಿಯವನು ಗೊಣಗಿದರೆ ಗೊಣಗಲಿ.

ಈಗ ಮುಖ್ಯವಾದದ್ದು, ಪವರ್ ಸಪ್ಲೈ. ಗೋಡೆಯ ಕರೆಂಟನ್ನು ತೆಗೆದುಕೊಂಡು ಪಳಗಿಸಿ ಮಿಕ್ಕ ಎಲ್ಲಕ್ಕೂ ಹಂಚುವುದು ಆ ಒಂದು ಪೆಟ್ಟಿಗೆ. ಜನ ಎಲ್ಲದಕ್ಕೂ ಕೈ ಬಿಚ್ಚಿ ಖರ್ಚು ಮಾಡುತ್ತಾರೆ, ಇದೊಂದರಲ್ಲಿ ಮಾತ್ರ ಜಿಪುಣತನ ತೋರಿಸುತ್ತಾರೆ. ನೀನು ಹಾಗೆ ಮಾಡಬೇಡ. ಕೈಯಲ್ಲಿ ಎತ್ತಿ ನೋಡು, ಭಾರ ಇರಬೇಕು. ಒಳ್ಳೆಯ ತಾಮ್ರ, ಒಳ್ಳೆಯ ಅಲ್ಯೂಮಿನಿಯಂ ಹಾಕಿದ್ದರೆ ತೂಕ ಬಂದೇ ಬರುತ್ತದೆ. ಹಗುರ ಇದ್ದರೆ ಮೋಸ.

ಅಂಗಡಿ ಖಾಲಿ ಮಾಡಿದಾಗ ಉಳಿದ ಸಾಮಾನು ಗ್ಯಾರೇಜಿನಲ್ಲಿ ಇದೆಯಲ್ಲ, ಕೇಬಲ್, ಸ್ಕ್ರೂ ಎಲ್ಲಾ ಅಲ್ಲಿಂದಲೇ ತೆಗೆದುಕೋ. ಸೀಲ್ ಒಡೆಯದ್ದು ಏನು ಸಿಕ್ಕಿದರೂ ಧೈರ್ಯವಾಗಿ ಉಪಯೋಗಿಸು, ಹತ್ತು ವರ್ಷವಾದರೂ ಕೆಡುವುದಿಲ್ಲ.

ಜೂನ್ ತಿಂಗಳಲ್ಲಿ ನನ್ನ ಬಿಡುಗಡೆಯ ಅರ್ಜಿ ಜಡ್ಜ್ ಮುಂದೆ ಬರುತ್ತದೆ. ಇದನ್ನು ಬರೆಯಬಾರದಿತ್ತೋ ಏನೋ.

ನಿನ್ನ ಅಪ್ಪ

*

ಫೆಬ್ರವರಿ 2, 2013

ಅಪ್ಪ,

ಕಂಪ್ಯೂಟರ್ ಎದ್ದು ನಿಂತಿದೆ. ಹೋದ ಶನಿವಾರ ಜೋಡಿಸಿದೆ.

ಊರ ಹೊರಗಿನ ದೊಡ್ಡ ಅಂಗಡಿಗೆ ಹೋಗಿ, ಒಂದೊಂದು ಕ್ಯಾಬಿನೆಟ್ಟಿನ ಅಂಚಿಗೂ ಬೆರಳು ಎಳೆದೆ. ಎರಡು ಸಲ ರಕ್ತ ಬಂತು, ಮೂರನೆಯದನ್ನು ಕೊಂಡೆ. ಫ್ಯಾನಿಗೆ ಊದುತ್ತಾ ನಿಂತಿದ್ದನ್ನು ನೋಡಿ ಅಲ್ಲಿಯ ಸೇಲ್ಸ್‌ಮನ್ ಇನ್ನೊಬ್ಬನನ್ನು ಕರೆದು ತೋರಿಸಿದ. ಅಲ್ಲಿ ನನ್ನ ಹೆಸರು ಯಾರಿಗೂ ಗೊತ್ತಿರಲಿಲ್ಲ, ನಕ್ಕರೂ ಬೇಜಾರಾಗಲಿಲ್ಲ. ಮೊದಲ ಮೆಮೊರಿ ಮಧ್ಯಾಹ್ನದ ಹೊತ್ತಿಗೆ ಎರಡು ತಪ್ಪು ತೋರಿಸಿತು, ವಾಪಸ್ ಕೊಟ್ಟು ಬೇರೆ ತಂದೆ. ಬುಶಾ ಹಾಸಿಗೆಯಲ್ಲಿ ಕೂತು ಎಲ್ಲವನ್ನೂ ನೋಡುತ್ತಿದ್ದಳು. "ನಿಮ್ಮಪ್ಪ ಕಲ್ಲಂಗಡಿ ಹಣ್ಣು ತಟ್ಟಿ ತಟ್ಟಿ ಅಂಗಡಿಯವನ ಜೀವ ತೆಗೀತಿದ್ದ. ನೀನೂ ಅದೇ ಜಾತಿ" ಅಂದಳು. ಎರಡು ವರ್ಷದಲ್ಲಿ ಅವಳ ಬಾಯಲ್ಲಿ ನಿನ್ನ ಸುದ್ದಿ ಬಂದದ್ದು ಇದೇ ಮೊದಲು.

ಪವರ್ ಸಪ್ಲೈ ಕೊಳ್ಳುವ ತಾಪತ್ರಯವೇ ಬರಲಿಲ್ಲ. ಗ್ಯಾರೇಜಿನಲ್ಲಿ, ಬುಶಾಳ ಪ್ಲಾಸ್ಟಿಕ್ ಕ್ರಿಸ್‌ಮಸ್ ಮರದ ಹಿಂದೆ ಒಂದು ದೊಡ್ಡ ರಟ್ಟಿನ ಡಬ್ಬ ಇತ್ತು. ಅದರಲ್ಲಿ ಆರು ಪವರ್ ಸಪ್ಲೈ, ಸೀಲ್ ಒಡೆಯದವು, ಪ್ರತಿಯೊಂದರ ಮೇಲೂ ಬಂಗಾರದ ಬಣ್ಣದ ಸ್ಟಿಕ್ಕರ್. ದೊಡ್ಡ ಕಂಪನಿಯದೇ. ನೀನು ಹೇಳಿದ ಹಾಗೆ ಕೈಯಲ್ಲಿ ಎತ್ತಿ ನೋಡಿದೆ, ಇಟ್ಟಿಗೆಯಷ್ಟು ಭಾರ. ಒಂದನ್ನು ಹಾಕಿದ್ದೇನೆ. ಒಂದು ವಾರದಿಂದ ಓಡುತ್ತಿದೆ. ಕೆಲಸ ಶುರುವಾಗಿದೆ. ಬುಶಾಳ ಕಾಲಿಗೆ ಬೆಚ್ಚಗಿರಲಿ ಅಂತ ಪೆಟ್ಟಿಗೆಯನ್ನು ಅವಳ ಹಾಸಿಗೆಯ ಕಡೆಗೇ ತಿರುಗಿಸಿ ಇಟ್ಟಿದ್ದೇನೆ.

ಹೇಳಿಕೊಟ್ಟಿದ್ದಕ್ಕೆ ಥ್ಯಾಂಕ್ಸ್.

ವೆರಾ

*

ಫೆಬ್ರವರಿ 9, 2013

ವೆರಾ,

ಆ ಪವರ್ ಸಪ್ಲೈ ತೆಗೆದುಬಿಡು. ಈ ಪತ್ರ ಓದಿ ಮುಗಿಸುವ ಮೊದಲೇ ಎದ್ದು ಹೋಗಿ ಪ್ಲಗ್ ಕಿತ್ತು ಬಾ, ಆಮೇಲೆ ಮಿಕ್ಕದ್ದನ್ನು ಓದು.

ಅವು ಹಳೆಯವು. ಏಳು ವರ್ಷದಿಂದ ಬಿದ್ದಿವೆ. ಕೆಪಾಸಿಟರಿನ ಒಳಗೆ ಒಂದು ದ್ರವ ಇರುತ್ತದೆ, ಇಟ್ಟಲ್ಲೇ ಇಟ್ಟರೆ ಅದು ಒಣಗುತ್ತದೆ. ಹತ್ತು ವರ್ಷ ಕೆಡುವುದಿಲ್ಲ ಅಂತ ಬರೆದಿದ್ದೆನಲ್ಲ, ಅದು ಬೇರೆ ಸಾಮಾನಿಗೆ, ಇದಕ್ಕಲ್ಲ. ಬರೆಯುವ ಭರದಲ್ಲಿ ವಿವರಿಸಿರಲಿಲ್ಲ. ಹೊಸದು ಕೊಂಡುಕೋ, ನಿನಗೆ ಕಂಡದ್ದರಲ್ಲಿ ಒಳ್ಳೆಯದು. ಮಿಕ್ಕ ಐದನ್ನೂ ಕಸಕ್ಕೆ ಹಾಕು, ಯಾರಿಗೂ ಕೊಡಬೇಡ.

ಮೂರು ಸಲ ಫೋನ್ ಮಾಡಿದೆ. ನೀನು ಎತ್ತಲಿಲ್ಲ. ನಿನ್ನ ತಪ್ಪಲ್ಲ, ಎತ್ತುವುದಿಲ್ಲ ಅಂತ ಮೊದಲೇ ಹೇಳಿದ್ದೀಯ. ಆದರೆ ಈ ಪತ್ರ ಇಲ್ಲಿಂದ ಹೊರಟು ನಿನ್ನ ಕೈ ಸೇರಲು ಐದೋ ಆರೋ ದಿನ. ಅಷ್ಟು ದಿನ ಅದು ಅಮ್ಮನ ಪಕ್ಕದಲ್ಲಿ ಓಡುತ್ತಿರುತ್ತದೆ.

ತೆಗೆದೆ ಅಂತ ಒಂದು ಸಾಲು ಬರಿ ಸಾಕು.

ಅಪ್ಪ

*

ಫೆಬ್ರವರಿ 16, 2013

ಅಪ್ಪ,

ತೆಗೆದಿಲ್ಲ.

ನಿನ್ನ ಎರಡು ಪತ್ರಗಳನ್ನೂ ಮೇಜಿನ ಮೇಲೆ ಪಕ್ಕಪಕ್ಕ ಇಟ್ಟು ಓದಿದೆ. ಜನವರಿಯ ಪತ್ರದಲ್ಲಿ ನಿನ್ನ ಅಕ್ಷರ ದುಂಡಗೆ, ನಗುತ್ತಾ ಬರೆದ ಹಾಗಿದೆ. ಫೆಬ್ರವರಿಯದರಲ್ಲಿ ಪೆನ್ಸಿಲ್ ಒತ್ತಿದ್ದಕ್ಕೆ ಎರಡು ಮೂರು ಕಡೆ ಕಾಗದ ಹರಿದಿದೆ. ದ್ರವ ಒಣಗುತ್ತದೆ ಅಂತ ಹೇಳಲು ಯಾರೂ ಅಷ್ಟು ಒತ್ತಿ ಬರೆಯುವುದಿಲ್ಲ. ಕೋರ್ಟಿನಲ್ಲಿಯೂ ನೀನು ಹೀಗೇ ಮಾತಾಡಿದ್ದೆ. ಒಂದು ಕಾರಣ ಕೇಳಿದರೆ ನಾಲ್ಕು ಕೊಟ್ಟಿದ್ದೆ.

ಕಂಪ್ಯೂಟರ್ ಚೆನ್ನಾಗಿಯೇ ಓಡುತ್ತಿದೆ. ಮಧ್ಯಾಹ್ನದ ಮೇಲೆ ಸ್ವಲ್ಪ ವಾಸನೆ ಬರುತ್ತದೆ, ಇಸ್ತ್ರಿಪೆಟ್ಟಿಗೆ ಕಾದ ಹಾಗೆ. ಹೊಸ ತಗಡಿಗೆ ಹಚ್ಚಿದ ಬಣ್ಣ ಬಿಸಿಯಾದಾಗ ಹಾಗೇ ಇರಬೇಕು ಅಂದುಕೊಂಡಿದ್ದೆ. ನಿನ್ನೆ ಬುಶಾ ಕೊಳವೆ ಪಕ್ಕಕ್ಕೆ ಸರಿಸಿ ಮೂಗರಳಿಸಿ, "ಉಪವಾಸದ ಶುಕ್ರವಾರ ಅಂತ ಚರ್ಚಿನವರು ಇಷ್ಟು ಬೇಗ ಮೀನು ಕರೀತಿದಾರಾ?" ಅಂತ ಕೇಳಿದಳು. ನಿನ್ನ ಪತ್ರ ಬರುವವರೆಗೆ ಆ ಮಾತಿಗೆ ನಕ್ಕಿದ್ದೆ. ಈಗ ಗಂಟೆಗೊಮ್ಮೆ ಎದ್ದು ಪೆಟ್ಟಿಗೆಯ ಹಿಂದೆ ಕೈ ಇಟ್ಟು ನೋಡುತ್ತೇನೆ. ಒಂದು ದಿನ ಕೆಲಸ ನಿಲ್ಲಿಸಿದರೂ ಡಾಕ್ಟರು ಬೇರೆಯವರನ್ನು ಹುಡುಕುತ್ತಾರೆ. ಈ ಕೆಲಸ ಹೋದರೆ ನಾನು ಹೊರಗೆ ದುಡಿಯಲು ಹೋಗಬೇಕು, ಬುಶಾಳನ್ನು ವೃದ್ಧಾಶ್ರಮಕ್ಕೆ ಸೇರಿಸಬೇಕು. ಸುಮ್ಮಸುಮ್ಮನೆ ಕಿತ್ತು ಹಾಕಲು ನನ್ನಿಂದಾಗದು.

ನಿಜವಾದ ಕಾರಣ ಬರಿ. ಅದು ಬಂದ ಗಳಿಗೆಯಲ್ಲಿ ತೆಗೆಯುತ್ತೇನೆ.

ವೆರಾ

*

ಫೆಬ್ರವರಿ 21, 2013

ವೆರಾ,

ನಿನ್ನ ಪತ್ರ ಈಗ ಬಂತು. ಇಲ್ಲಿಯ ಪಾದ್ರಿಯ ಕಾಲು ಹಿಡಿದು, ತಮ್ಮ ಫೋನಿನಿಂದ ನಿನಗೆ ಫೋನ್ ಮಾಡುವಂತೆ ಕೇಳಿಕೊಂಡಿದ್ದೇನೆ. ಅವರು ಒಪ್ಪಿದ್ದಾರೆ. ಈ ಪತ್ರಕ್ಕಿಂತ ಮೊದಲೇ ಅವರ ಫೋನ್ ಬಂದಿರುತ್ತದೆ. ಅವರು ಹೇಳಿದ ಹಾಗೆ ಕೇಳು. ಆ ವಾಸನೆ ಬಣ್ಣದ್ದಲ್ಲ.

ಕಾರಣ ಬರೆಯುತ್ತೇನೆ. ಇವತ್ತು ಬರೆಯಲು ಕೈ ಬರುತ್ತಿಲ್ಲ.

ಅಪ್ಪ

*

ಫೆಬ್ರವರಿ 27, 2013

ಅಪ್ಪ,

ಪಾದ್ರಿಗಳು ಗುರುವಾರವೇ ಫೋನ್ ಮಾಡಿದ್ದರು. ಪಾಪ, ಒಳ್ಳೆಯವರು. "ನಿಮ್ಮ ತಂದೆ ಅಳ್ತಾ ಇದ್ದಾರೆ ಮಗಳೇ. ಆ ಪೆಟ್ಟಿಗೆ ಆರಿಸು ಅಂತ ಮಾತ್ರ ಹೇಳಿದರು. ಯಾಕೆ ಅಂತ ನನಗೂ ಹೇಳಲಿಲ್ಲ" ಅಂದರು. ಫೋನ್ ಕೈಯಲ್ಲಿ ಹಿಡಿದುಕೊಂಡೇ ಹೋಗಿ ಪ್ಲಗ್ ಕಿತ್ತೆ. ನೀನು ಅತ್ತದ್ದನ್ನು ನಾನು ನೋಡಿಲ್ಲ. ಕೋರ್ಟಿನಲ್ಲೂ ನೀನು ಅತ್ತಿರಲಿಲ್ಲ.

ನೀನು ಕಲಿಸಿದ ಹಾಗೆ ಕರೆಂಟು ಪೂರ್ತಿ ಇಳಿಯಲಿ ಅಂತ ಎರಡು ದಿನ ಬಿಟ್ಟು, ಅಡುಗೆಮನೆಯ ಮೇಜಿನ ಮೇಲೆ ಅದರ ಮುಚ್ಚಳ ಬಿಚ್ಚಿದೆ. ಒಳಗೆ ತಾಮ್ರ ಇರಬೇಕಾದ ಜಾಗದಲ್ಲಿ ಒಂದು ಕಬ್ಬಿಣದ ತುಂಡು ಇದೆ. ಯಾವುದಕ್ಕೂ ಸೇರಿದ್ದಲ್ಲ. ತಂತಿ ಇಲ್ಲ, ಕೆಲಸ ಇಲ್ಲ, ಬರೀ ಗೋಂದಿನಿಂದ ತಳಕ್ಕೆ ಅಂಟಿಸಿದ್ದಾರೆ. ಭಾರ ಬರಲಿ ಅಂತ. ಕೈಯಲ್ಲಿ ಎತ್ತಿ ನೋಡುವವರಿಗಾಗಿಯೇ ಮಾಡಿಟ್ಟದ್ದು. ಪಕ್ಕದ ಸಿಪಾಯಿಗಳಲ್ಲಿ ಇಬ್ಬರ ತಲೆ ಉಬ್ಬಿ ಒಡೆದಿದೆ, ಸುತ್ತಲಿನ ಹಲಗೆ ಕಂದು ಬಣ್ಣಕ್ಕೆ ಸುಟ್ಟಿದೆ. ಬುಶಾ ಅದನ್ನು ಕೈಗೆ ತೆಗೆದುಕೊಂಡು ತಿರುಗಿಸಿ ನೋಡಿ ವಾಪಸ್ ಇಟ್ಟಳು.

ಮಿಕ್ಕ ಐದನ್ನೂ ಬಿಚ್ಚಿದೆ. ಐದರಲ್ಲೂ ಕಬ್ಬಿಣ.

ಅಪ್ಪ, ನೀನು ಜಡ್ಜ್ ಮುಂದೆ ಏನು ಹೇಳಿದ್ದೆ ಅಂತ ನನಗೆ ಅಕ್ಷರ ಅಕ್ಷರವೂ ನೆನಪಿದೆ. ಒಂದೇ ಒಂದು ಕೆಟ್ಟ ಪೆಟ್ಟಿಗೆ ಗೊತ್ತಿಲ್ಲದೆ ನನ್ನ ಅಂಗಡಿಗೆ ಬಂತು, ಅದು ಹದ್ದಾದ್ ಅವರ ಮನೆಗೆ ಹೋಯಿತು ಅಂದಿದ್ದೆ. ಎದ್ದು ನಿಂತು, ಕೈ ಎತ್ತಿ ಹೇಳಿದ್ದೆ. ನಾನು ಅದನ್ನು ನಂಬಿದ್ದೆ. ನಿನ್ನ ಮೇಲೆ ನನಗೆ ಸಿಟ್ಟಿದ್ದದ್ದು ನೀನು ಅಜಾಗರೂಕ ಅಂತ, ಸುಳ್ಳ ಅಂತ ಅಲ್ಲ.

ರಟ್ಟಿನ ಡಬ್ಬದ ಒಳಗೆ ಇಪ್ಪತ್ತು ಗೂಡುಗಳಿವೆ. ಆರು ಗ್ಯಾರೇಜಿನಲ್ಲಿದ್ದವು. ಒಂದು ಹದ್ದಾದ್ ಅವರ ಮನೆಯಲ್ಲಿ ಸುಟ್ಟುಹೋಯಿತು. ಇನ್ನೂ ಹದಿಮೂರು ಎಲ್ಲಿವೆ? ಯಾರ ಮನೆಯಲ್ಲಿ, ಯಾರ ಹಾಸಿಗೆಯ ಪಕ್ಕದಲ್ಲಿ ಓಡುತ್ತಿವೆ? ಹೆಸರು ಬರೆದು ಕಳಿಸು. ಅದು ಬರದಿದ್ದರೆ ನನ್ನಿಂದ ಇನ್ನೊಂದು ಪತ್ರ ಬರುವುದಿಲ್ಲ.

ವೆರಾ

*

ಮಾರ್ಚ್ 19, 2013

ವೆರಾ,

ಎರಡು ವಾರ ತಡ ಮಾಡಿದೆ. ಈ ಎರಡು ವಾರದಲ್ಲಿ ಆರು ಸಲ ಬರೆದು ಹರಿದೆ. ಅಷ್ಟೂ ದಿನ ಲಾಂಡ್ರಿಯ ಟಿವಿಯಲ್ಲಿ ಸುದ್ದಿ ಬಂದಾಗಲೆಲ್ಲ, ಟೊಲೀಡೊದಲ್ಲಿ ಬೆಂಕಿ ಅಂತ ಎಲ್ಲಿ ಬರುತ್ತದೋ ಅಂತ ಬಟ್ಟೆ ಬಿಟ್ಟು ಬಂದು ನೋಡುತ್ತಿದ್ದೆ. ಬರಲಿಲ್ಲ ಅಂತ ನಿಟ್ಟುಸಿರು ಬಿಟ್ಟು ಮತ್ತೆ ಸುಮ್ಮನಾಗುತ್ತಿದ್ದೆ. ನಾನು ಎಂಥವನು ಅಂತ ಇದರಲ್ಲೇ ನಿನಗೆ ಗೊತ್ತಾಗುತ್ತದೆ.

ಇಲ್ಲಿಂದ ಹೋಗುವ ಪ್ರತಿ ಪತ್ರವನ್ನೂ ಅಂಚೆ ಕೋಣೆಯ ಅಧಿಕಾರಿ ಓದುತ್ತಾರೆ. ಇದನ್ನೂ ನಿನಗಿಂತ ಮೊದಲು ಅವರೇ ಓದುತ್ತಾರೆ. ಅದು ತಿಳಿದೇ ಬರೆಯುತ್ತಿದ್ದೇನೆ. ಜೂನ್ ತಿಂಗಳ ಅರ್ಜಿಯ ಆಸೆ ಬಿಟ್ಟಿದ್ದೇನೆ. ಹೊಸ ಕೇಸು ಹಾಕಬಹುದು, ಹಾಕಲಿ.

2006ರಲ್ಲಿ ಆ ದೊಡ್ಡ ಅಂಗಡಿ ಬಂದ ಮೇಲೆ ನಮ್ಮ ಕಡೆ ಯಾರೂ ತಲೆ ಹಾಕುತ್ತಿರಲಿಲ್ಲ. ನಿನ್ನ ಅಮ್ಮ ಆಗಲೇ ನಮ್ಮನ್ನು ಬಿಟ್ಟು ಅರಿಜೋನಾಕ್ಕೆ ಹೋಗಿದ್ದಳು. ಅಂಗಡಿಯೂ ಹೋದರೆ ನಿನ್ನ ಕಣ್ಣಲ್ಲಿ ನಾನು ಏನಾಗುತ್ತೇನೆ ಅಂತ ಹೆದರಿದ್ದೆ. ಆಗ ಒಬ್ಬ ದಲ್ಲಾಳಿ ಆ ಇಪ್ಪತ್ತು ಪೆಟ್ಟಿಗೆ ತಂದ. ಜೊತೆಗೆ ಒಂದು ಸುರುಳಿ ಬಂಗಾರದ ಬಣ್ಣದ ಸ್ಟಿಕ್ಕರ್, ಬೇರೆಯಾಗಿ, ಒಂದು ಲಕೋಟೆಯಲ್ಲಿ. ಸ್ಟಿಕ್ಕರ್ ಬೇರೆ ಲಕೋಟೆಯಲ್ಲಿ ಬಂದರೆ ಮಾಲು ನಕಲಿ ಅಂತ ಇಪ್ಪತ್ತು ವರ್ಷ ಈ ಕೆಲಸ ಮಾಡಿದವನಿಗೆ ಯಾರೂ ಹೇಳಬೇಕಾಗಿಲ್ಲ. ಒಂದನ್ನು ಬಿಚ್ಚಿ ನೋಡಿದೆ, ಕಬ್ಬಿಣ ಕಂಡೆ, ಮತ್ತೆ ಮುಚ್ಚಿದೆ. ಸ್ಟಿಕ್ಕರುಗಳನ್ನು ನಾನೇ ಅಂಟಿಸಿದೆ. ಗೊತ್ತಿದ್ದೂ ಮಾರಿದೆ. ಕಂಪ್ಯೂಟರ್ ಮಾರುವಾಗ, ಕೈಯಲ್ಲಿ ಎತ್ತಿ ನೋಡಿ, ಎಷ್ಟು ಭಾರ ಇದೆ ಅಂತ ಗಿರಾಕಿಗಳ ಕೈಗೆ ಕೊಡುತ್ತಿದ್ದೆ.

ಬೆಂಕಿ ಬಿದ್ದ ವಾರ ಉಳಿದ ಡಬ್ಬವನ್ನು ಹುಡುಕಿದೆ, ಸಿಗಲಿಲ್ಲ. ಅಂಗಡಿಯ ಕಸದ ಜೊತೆ ಹೋಗಿರಬೇಕು ಅಂದುಕೊಂಡೆ. ನನ್ನ ಅಮ್ಮ ಅದನ್ನು ಗ್ಯಾರೇಜಿನ ಒಳಗೆ ತಳ್ಳಿ ಅದರ ಮುಂದೆ ಕ್ರಿಸ್‌ಮಸ್ ಮರ ಒರಗಿಸಿರುತ್ತಾಳೆ ಅಂತ ನನಗೆ ಹೊಳೆಯಲಿಲ್ಲ. ನಾನು ಮುಚ್ಚಿಟ್ಟದ್ದು ಊರೆಲ್ಲ ಬಿಟ್ಟು ನನ್ನ ತಾಯಿಯ ತಲೆದಿಂಬಿನ ಹತ್ತಿರವೇ ಬಂದು ಕೂತಿತು.

ಹೆಸರುಗಳನ್ನು ಇನ್ನೊಂದು ಹಾಳೆಯಲ್ಲಿ ಬರೆದಿದ್ದೇನೆ, ವಿಳಾಸ ನೆನಪಿದ್ದಷ್ಟು. ಯಾವುದನ್ನೂ ನಾನು ಮರೆತಿಲ್ಲ, ಮರೆಯಲು ಪ್ರಯತ್ನ ಮಾಡಿದ್ದೆ. ಹನ್ನೆರಡು ಹೆಸರು ಇವೆ. ಹದಿಮೂರನೆಯದು ಒಬ್ಬ ಹೆಂಗಸು. ಹಸಿರು ಕೋಟು ಹಾಕಿದ್ದಳು, ಮಗನ ಹುಟ್ಟುಹಬ್ಬಕ್ಕೆ ಅಂದಳು. ಚಳಿಗಾಲ. ಹೆಸರು ಕೇಳಲಿಲ್ಲ, ರಸೀದಿ ಬರೆಯಲಿಲ್ಲ. ಎಷ್ಟು ತಲೆ ಕೆರೆದುಕೊಂಡರೂ ಕೋಟು ಬಿಟ್ಟು ಬೇರೇನೂ ನೆನಪಾಗುತ್ತಿಲ್ಲ.

ಕ್ಷಮಿಸು ಅಂತ ಕೇಳುವುದಿಲ್ಲ. ಬೇಗ ಹೋಗು.

ಅಪ್ಪ

*

ಏಪ್ರಿಲ್ 28, 2013

ಅಪ್ಪ,

ನಿನ್ನ ಪತ್ರ ಬಂದ ದಿನವೇ ಅದನ್ನು ನಕಲು ಮಾಡಿಸಿ ಪೊಲೀಸರಿಗೆ ಕೊಟ್ಟೆ. ಅವರು ಓದಿ, ವಿಚಾರಿಸುತ್ತೇವೆ, ವಕೀಲರಿಗೆ ಕಳಿಸಬೇಕು, ಅದಕ್ಕೆಲ್ಲ ಸಮಯ ಹಿಡಿಯುತ್ತದೆ ಅಂದರು. ಅವರ ಸಮಯ ಅವರಿಗೆ. ನಾನು ಐದು ಹೊಸ ಪವರ್ ಸಪ್ಲೈ, ಒಂದು ಸ್ಕ್ರೂಡ್ರೈವರ್ ಹಿಡಿದುಕೊಂಡು ಮಾರನೆಯ ದಿನವೇ ಹೊರಟೆ. ಹೊಸದನ್ನು ಹೇಗೆ ಆರಿಸಿದೆ ಅಂತ ಕೇಳಬೇಡ. ತೂಕ ನೋಡಲಿಲ್ಲ. ಅಂಗಡಿಯವನ ಮುಂದೆಯೇ ಒಂದೊಂದರ ಮುಚ್ಚಳ ಬಿಚ್ಚಿಸಿ ಒಳಗೆ ನೋಡಿದೆ. ಬಿಚ್ಚಿದರೆ ಗ್ಯಾರಂಟಿ ಹೋಗುತ್ತದೆ ಅಂದ. ಹೋಗಲಿ ಅಂದೆ.

ಬುಶಾ ತಾನೂ ಬರುತ್ತೇನೆ ಅಂತ ಹಟ ಹಿಡಿದಳು. ಕೈಚೀಲದಷ್ಟು ದೊಡ್ಡ ಸಿಲಿಂಡರ್ ತೊಡೆಯ ಮೇಲೆ ಇಟ್ಟುಕೊಂಡು ಪ್ರತಿ ಮನೆಯ ಮುಂದೆಯೂ ಕಾರಿನಲ್ಲೇ ಕೂತಿದ್ದಳು. ನಿನ್ನ ಹಾಳೆಯಲ್ಲಿದ್ದ ನೊವಿಟ್ಸ್‌ಕಿ ಅವರ ಮನೆಯ ಹತ್ತಿರ, ಚಳಿ ಇದೆ, ಮನೆಗೆ ಬಿಟ್ಟು ಬರುತ್ತೇನೆ ಅಂದೆ. "ನಿಮ್ಮಪ್ಪನ್ನ ಹೆತ್ತಿದ್ದು ನಾನು. ಅವರು ಬಾಗಿಲಲ್ಲಿ ನಿಂತು ಬೈದರೆ ಅದು ನಿನ್ನೊಬ್ಬಳ ಕಿವಿಗೆ ಬಿದ್ದರೆ ಸಾಲದು" ಅಂದಳು. ನೊವಿಟ್ಸ್‌ಕಿ ಬೈದರು. ಬುಶಾ ಕಾರಿನ ಗಾಜು ಇಳಿಸಿ ಕೊನೆಯವರೆಗೂ ಕೇಳಿಸಿಕೊಂಡಳು.

ಹನ್ನೆರಡರಲ್ಲಿ ಏಳು ಎಂದೋ ಕಸಕ್ಕೆ ಹೋಗಿದ್ದವು. ಎರಡು ನೆಲಮಾಳಿಗೆಯಲ್ಲಿ ಧೂಳು ತಿನ್ನುತ್ತಿದ್ದವು. ಮೂರು ಇನ್ನೂ ಓಡುತ್ತಿದ್ದವು. ಒಂದು ಕೂಸಿನ ತೊಟ್ಟಿಲ ಕೋಣೆಯಲ್ಲಿ. ಅದನ್ನು ಮುಟ್ಟಿದರೆ ಕೈ ಸುಡುತ್ತಿತ್ತು. ಆ ಹುಡುಗಿ, ಕೂಸಿನ ತಾಯಿ, ನನಗಿಂತ ಎರಡು ಮೂರು ವರ್ಷ ದೊಡ್ಡವಳಿರಬಹುದು, ಚಹಾ ಕುಡಿದು ಹೋಗಿ ಅಂತ ಒತ್ತಾಯ ಮಾಡಿದಳು. ನಾನು ಯಾರ ಮಗಳು ಅಂತ ಹೇಳಿದ ಮೇಲೂ ಒತ್ತಾಯ ಮಾಡಿದಳು. ಬಿಚ್ಚಿದ ಪೆಟ್ಟಿಗೆಯನ್ನು ಕಾಲ ಬಳಿ ಇಟ್ಟುಕೊಂಡು ಚಹಾ ಕುಡಿದೆ.

ಹದ್ದಾದ್ ಅವರ ಹೆಂಡತಿಯ ಹೆಸರು ನಿನ್ನ ಹಾಳೆಯಲ್ಲಿ ಇರಲಿಲ್ಲ. ಆದರೂ ಹೋದೆ. ಈಗ ಮಗಳ ಮನೆಯ ಮಹಡಿಯಲ್ಲಿ ಇದ್ದಾರೆ. ಬಾಗಿಲಲ್ಲೇ ನಿಂತು ಎಲ್ಲವನ್ನೂ ಹೇಳಿದೆ. ನಿನಗೆ ಗೊತ್ತಿತ್ತು ಅನ್ನುವುದನ್ನೂ ಹೇಳಿದೆ. ಅವರು ಬಾಗಿಲ ಚೌಕಟ್ಟನ್ನು ಹಿಡಿದುಕೊಂಡರು.

"ಇನ್ನೆಷ್ಟು ಉಳಿದಿವೆ?" ಅಂತ ಕೇಳಿದರು.

ಒಂದು ಅಂದೆ.

"ಮತ್ತೆ ಇಲ್ಲಿ ಯಾಕೆ ನಿಂತಿದ್ದೀಯ?" ಅಂದರು.

ಇನ್ನೊಂದು ವಿಷಯ. ಸ್ಟಿಕ್ಕರುಗಳನ್ನು ನೀನು ಅಂಟಿಸಲಿಲ್ಲ. ಪತ್ರದಲ್ಲಿ ಬೇರೆ ಎಲ್ಲ ನಿಜ ಬರೆದು ಅದೊಂದನ್ನು ಯಾಕೆ ಸುಳ್ಳು ಬರೆದೆ ಅಂತ ನನಗೆ ಅರ್ಥವಾಗುತ್ತದೆ. ಒಂದು ಭಾನುವಾರ ಚರ್ಚಿನ ಪೂಜೆ ಮುಗಿಸಿ ಬಂದು ಅಂಗಡಿಯ ಕೌಂಟರಿನ ಮೇಲೆ ಕೂತು ನಾನೇ ಅಂಟಿಸಿದ್ದು. ಗ್ಯಾರೇಜಿನಲ್ಲಿ ಕಂಡಾಗ ಹೊಳೆದಿರಲಿಲ್ಲ, ಲಕೋಟೆ ಅಂತ ನೀನು ಬರೆದದ್ದನ್ನು ಓದಿದಾಗ ನೆನಪಾಯಿತು. ಆಗ ನನಗೆ ಹನ್ನೊಂದು ವರ್ಷ. ಗಾಳಿಗುಳ್ಳೆ ಉಳಿಯದ ಹಾಗೆ ಲೈಬ್ರರಿ ಕಾರ್ಡಿನಿಂದ ತೀಡಿದ್ದೆ, ಎಲ್ಲವೂ ಒಂದೇ ಸಮ ಇರಲಿ ಅಂತ ಅಂಚಿನಿಂದ ಒಂದು ಕಿರುಬೆರಳಿನ ಜಾಗ ಬಿಟ್ಟು ಅಂಟಿಸಿದ್ದೆ. ಮುಗಿಸಿದಾಗ ನೀನು, "ಕಂಪನಿಯವರೂ ಇಷ್ಟು ನೀಟಾಗಿ ಅಂಟಿಸೋದಿಲ್ಲ" ಅಂದಿದ್ದೆ. ಆ ವಾರವೆಲ್ಲ ನಾನು ಅದೇ ಮಾತು ನೆನೆದು ಖುಷಿಪಟ್ಟಿದ್ದೆ. ತೊಟ್ಟಿಲ ಕೋಣೆಯಲ್ಲಿ ಆ ಪೆಟ್ಟಿಗೆ ಬಿಚ್ಚಿ ತೆಗೆದಾಗ ಅದೇ ಅಳತೆ ಕಂಡಿತು. ಬೆರಳಿಟ್ಟು ನೋಡಿದೆ. ಈಗ ನನ್ನ ಕಿರುಬೆರಳು ಆ ಜಾಗದಲ್ಲಿ ಹಿಡಿಸುವುದಿಲ್ಲ.

ನೀನು ಅದನ್ನು ನನ್ನಿಂದ ಮುಚ್ಚಿಡಬೇಕಾಗಿರಲಿಲ್ಲ. ಸಿಟ್ಟು ಬಂದಿದೆ. ತುಂಬಾ ಬಂದಿದೆ. ಆದರೆ ಅದನ್ನು ಎದುರಿಗೆ ಕೂತು ಹೇಳುವ ಸಿಟ್ಟು, ಪತ್ರದಲ್ಲಿ ಬರೆಯಲು ಆಗುವುದಿಲ್ಲ.

ಹಸಿರು ಕೋಟಿನ ಹೆಂಗಸು ಸಿಕ್ಕಿಲ್ಲ. ಚರ್ಚಿನ ಬೋರ್ಡಿನ ಮೇಲೆ, ಬೇಕರಿಯ ಕಿಟಕಿಗೆ, ಬಟ್ಟೆ ಒಗೆಯುವ ಅಂಗಡಿಗಳಲ್ಲಿ, ಮೂರು ಶಾಲೆಗಳ ಬಾಗಿಲಲ್ಲಿ ಚೀಟಿ ಅಂಟಿಸಿದ್ದೇನೆ. ಸ್ಟಿಕ್ಕರಿನ ಚಿತ್ರ ಹಾಕಿ, ನಿಮ್ಮ ಮನೆಯ ಕಂಪ್ಯೂಟರಿನಲ್ಲಿ ಇದು ಇದ್ದರೆ ಈಗಲೇ ಪ್ಲಗ್ ಕಿತ್ತು ಈ ನಂಬರಿಗೆ ಫೋನ್ ಮಾಡಿ ಅಂತ ಬರೆದಿದ್ದೇನೆ. ಕೆಳಗೆ, ವೆರಾ ಕುಬಿಯಾಕ್, ಈ ಸ್ಟಿಕ್ಕರ್ ಅಂಟಿಸಿದವಳು.

ಅಂದಿನಿಂದ ಮನೆಯಲ್ಲಿ ಫೋನ್ ಬಡಿದುಕೊಳ್ಳುತ್ತಲೇ ಇದೆ. ಅರ್ಧ ಜನ ಬೈಯಲು ಮಾಡುತ್ತಾರೆ, ಇನ್ನರ್ಧ ಜನ ತಮ್ಮ ಪೆಟ್ಟಿಗೆ ಬಿಸಿಯಾಗುತ್ತದೆ, ಬಂದು ನೋಡು ಅಂತ ಕರೆಯುತ್ತಾರೆ. ಯಾವುದು ಅವಳದ್ದೋ ಗೊತ್ತಿಲ್ಲ. ಹಾಗಾಗಿ ಒಂದನ್ನೂ ಬಿಡುವಂತಿಲ್ಲ, ಸ್ನಾನ ಮಾಡುತ್ತಿದ್ದರೂ ಓಡಿ ಬಂದು ಎತ್ತುತ್ತೇನೆ. ಎತ್ತಿದ ಮೇಲೆ ಒಪ್ಪುವುದಾದರೆ ಒಂದನ್ನು ಒತ್ತಿ ಅಂತ ಕೇಳಿಸಿದರೆ, ಒತ್ತುತ್ತೇನೆ.

ವೆರಾ